ದ್ವಿಜವಲ್ಲದ ದಂತ

ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ‘ದ್ವಿಜ’ ಶಬ್ದದ ಮೂರು ಅರ್ಥಗಳು ತಿಳಿದೇ ಇರುವವು: ವಿಪ್ರ, ಪಕ್ಷಿ, ಹಲ್ಲು. ಉಪನಯನದಿಂದ ವಿಪ್ರನಿಗೂ, ತತ್ತಿಯೊಡೆದು ಬರುವದರಿಂದ ಪಕ್ಷಿಗೂ, ಉದುರಿ ಮರಳಿ ಹುಟ್ಟುವದರಿಂದ ಹಲ್ಲಿಗೂ ಈ ಹೆಸರು ಸಂದಿತೆಂದು ನಾನು ಹಾನಗಲ್ಲ ತಾಲೂಕಿನ ಶಾಲೆಗಳಲ್ಲಿ ಮೂವತ್ತು ವರುಷ ಹೇಳಿಕೊಟ್ಟೆನು. ಆದರೆ ಮೂವತ್ತೆರಡರಲ್ಲಿ ನಿಜವಾದ ದ್ವಿಜಗಳೆಷ್ಟೆಂಬುದನ್ನು ಒಂದು ದಿನವೂ ಎಣಿಸಿ ನೋಡಲಿಲ್ಲ. ಈ ಅಲಕ್ಷ್ಯಕ್ಕೆ ನನ್ನ ಮನೆಯಲ್ಲಿಯೇ ದಂಡ ತೆರಬೇಕಾಯಿತು.

ನಮ್ಮ ಪ್ರಾಚೀನರು ಎಣಿಕೆಯಲ್ಲಿ ಸೋಮಾರಿಗಳಾಗಿರಲಿಲ್ಲ. ಚರಕಸಂಹಿತೆಯು ದೇಹದ 360 ಅಸ್ಥಿಗಳಲ್ಲಿ 32 ಹಲ್ಲುಗಳನ್ನೂ, ಅವು ನೆಟ್ಟಿರುವ 32 ‘ದಂತೋಲೂಖಲ’ಗಳನ್ನೂ ಸೇರಿಸಿರುವದು. ಉಲೂಖಲವೆಂದರೆ ಒರಳು, ಹಲ್ಲಿನ ಕುಳಿಗೆ ಎಂಥ ಒಪ್ಪುವ ಹೆಸರು! ಸುಶ್ರುತನು ಅಸ್ಥಿಗಳನ್ನು ಐದು ಜಾತಿಯಾಗಿ ವಿಂಗಡಿಸಿ, ಹಲ್ಲಿಗೆ ‘ರುಚಕ’ವೆಂಬ ಬೇರೆಯೇ ಜಾತಿಯನ್ನು ಕೊಟ್ಟನು. ಹಲ್ಲು ಎಲುಬಲ್ಲವೆಂದು ಇಂದಿನ ಶಾಸ್ತ್ರವು ಹೇಳುವದು. ಅದರ ಮೇಲ್ಕವಚವಾದ ಎನಾಮಲ್ ಶರೀರದಲ್ಲಿಯೇ ಅತಿ ಕಠಿಣ ಪದಾರ್ಥ. ಅದರೊಳಗೆ ಡೆಂಟೀನ್, ಅದಕ್ಕೂ ಒಳಗೆ ರಕ್ತನಾಳಗಳೂ ನರಗಳೂ ಇರುವ ಮೃದುವಾದ ತಿರುಳು. ಮುರಿದ ಎಲುಬು ಕೂಡಿಕೊಳ್ಳುವದು. ಸವೆದ ಎನಾಮಲ್ ಮತ್ತೆ ಬೆಳೆಯದು. ಏಕೆಂದರೆ ಅದನ್ನು ನಿರ್ಮಿಸುವ ಜೀವಕೋಶಗಳು ಹಲ್ಲು ವಸಡನ್ನು ಸೀಳಿ ಹೊರಬರುವಷ್ಟರಲ್ಲಿ ಇಲ್ಲದಾಗುವವು.

ಪ್ರಸ್ತುತ ವಿಷಯಕ್ಕೆ ಹೆಚ್ಚು ಸಂಬಂಧಪಟ್ಟ ಗ್ರಂಥವೆಂದರೆ ಬಾಲಚಿಕಿತ್ಸೆಯ ಕಾಶ್ಯಪಸಂಹಿತೆ. ನೇಪಾಳದಲ್ಲಿ ದೊರೆತ ಅಪೂರ್ಣವಾದ ತಾಡೋಲೆಯಿಂದ ಅದು 1938ರಲ್ಲಿ ಮುಂಬಯಿಯಲ್ಲಿ ಅಚ್ಚಾಯಿತು. ಅದರಲ್ಲಿ ದಂತಜನ್ಮಕ್ಕೇ ಮೀಸಲಾದ ಒಂದು ಅಧ್ಯಾಯವಿರುವದು. ಮೂವತ್ತೆರಡರಲ್ಲಿ ಎಂಟು ಹಲ್ಲುಗಳು ಒಂದೇ ಸಲ ಹುಟ್ಟುವ ‘ಸಕೃಜ್ಜಾತ’ಗಳು, ಉಳಿದವು ದ್ವಿಜಗಳೆಂದು ಅಲ್ಲಿ ಹೇಳಿದೆ. ಹುಟ್ಟಿದ ಎಷ್ಟನೆಯ ತಿಂಗಳಿಗೆ ಹಲ್ಲು ಬರುವದೋ ಅಷ್ಟನೆಯ ವರುಷಕ್ಕೆ ಅದು ಬಿದ್ದು ಮರಳಿ ಬರುವದೆಂದೂ ಇದೆ. ಆರನೆಯ ತಿಂಗಳಿನ ಕೆಳಬಾಚಿಹಲ್ಲಿಗೆ ಈ ಮಾತು ಬಹುಮಟ್ಟಿಗೆ ಸರಿಹೊಂದುವದು. ಹಿಂದಿನ ಹಾಲುಹಲ್ಲುಗಳಿಗೆ ಹೊಂದದು.

ಎಂಟೆಂಬ ಲೆಕ್ಕವೂ ಪ್ರತ್ಯಕ್ಷಕ್ಕೆ ಕೂಡಿಬರುವದಿಲ್ಲ. ಹಾಲುಹಲ್ಲುಗಳು ಇಪ್ಪತ್ತು, ಅವು ಬಿದ್ದ ಸ್ಥಳದಲ್ಲಿ ಬರುವವೂ ಇಪ್ಪತ್ತೇ: ಕತ್ತರಿಸುವ ಬಾಚಿಹಲ್ಲು ಎಂಟು, ಸೀಳುವ ಕೋರೆಹಲ್ಲು ನಾಲ್ಕು, ಅರೆಯುವ ಮುಂದವಡೆ ಎಂಟು. ಉಳಿದ ಹನ್ನೆರಡು ಹಿಂದವಡೆಗಳು ಹುಟ್ಟುವದು ಒಂದೇ ಸಲ. ಕಡೆಗೆ ಬರುವ ನಾಲ್ಕನ್ನು ಬಿಟ್ಟರೆ ಎಂಟಾಗುವದು ನಿಜ. ಆದರೆ ಹಾಗೆ ಬಿಟ್ಟರೆ ಮೊತ್ತವು ಮೂವತ್ತೆರಡಾಗದು. ಗ್ರಂಥಕಾರನ ಲೆಕ್ಕ ಹೇಗೋ ನನಗೆ ಬಗೆಹರಿದಿಲ್ಲ. ಆದರೂ ಎಲ್ಲ ಹಲ್ಲೂ ದ್ವಿಜವಲ್ಲವೆಂದು ಆತನು ಕಂಡುಕೊಂಡನಲ್ಲ, ನಾನು ಅಷ್ಟನ್ನೂ ಕಾಣಲಿಲ್ಲ.

ನನ್ನ ಮಗನಿಗೆ ಒಂಬತ್ತು ವರುಷವಾಗಿದ್ದಾಗ ಕೆಳಗಿನ ಎಡದವಡೆಯ ಹಲ್ಲು ಹುಳುಕಾಗಿ ರಾತ್ರಿಯೆಲ್ಲ ಅಳುತ್ತಿದ್ದನು. “ಹಾಲುಹಲ್ಲು, ಹೋದರೆ ಬರುವದು” ಎಂದು ನಾನೇ ಕೀಳಿಸಿದೆನು. ಅದು ಹಾಲುಹಲ್ಲಾಗಿರಲಿಲ್ಲ. ಆರನೆಯ ವಯಸ್ಸಿನ ಸುಮಾರಿಗೆ, ಯಾವ ಹಲ್ಲೂ ಬೀಳದೆ, ಹಾಲುಹಲ್ಲುಗಳ ಸಾಲಿನ ಹಿಂದೆ ಸದ್ದಿಲ್ಲದೆ ಬಂದು ನಿಲ್ಲುವ ಮೊದಲನೆಯ ಹಿಂದವಡೆ ಅದು. ಅದರ ರಚನೆಯು ಮಗು ಹುಟ್ಟುವ ಹೊತ್ತಿಗೇ ಆರಂಭವಾಗಿರುವದು. ಈಗ ನಲವತ್ತರ ಗಡಿ ದಾಟಿದ ಮಗನು ಜೋಳದ ರೊಟ್ಟಿಯನ್ನೂ ಸವಣೂರಿನ ಎಲೆಯನ್ನೂ ಬಲಮಗ್ಗುಲಲ್ಲಿಯೇ ಅಗಿಯುವನು. ನನ್ನನ್ನು ಅವನು ಒಮ್ಮೆಯೂ ದೂರಿಲ್ಲ. ಪಂಕ್ತಿಯಲ್ಲಿ ಎದುರಿಗೆ ಕುಳಿತಾಗ ನಾನೇ ಎಲೆಯತ್ತ ಮುಖ ತಗ್ಗಿಸುವೆನು.

ಉದುರಿದ ಹಲ್ಲನ್ನು ಸಗಣಿಯ ಉಂಡೆಯಲ್ಲಿಟ್ಟು ಮನೆಯ ಮೇಲೆ ಎಸೆಯುವ ಪದ್ಧತಿ ನಮ್ಮ ಕಡೆಗೆ ಇದ್ದಿತು. ಹಾನಗಲ್ಲ, ಹಿರೇಕೆರೂರುಗಳಲ್ಲಿ ಹಂಚಿನ ಮೇಲೆ, ಸವಣೂರು, ಶಿಗ್ಗಾಂವಿಗಳಲ್ಲಿ ಮಣ್ಣಿನ ಮಾಳಿಗೆಯ ಮೇಲೆ. ಎಸೆದುದು ಮರಳಿ ಬರುವದೆಂಬ ನಂಬಿಕೆ ಬಾಚಿಹಲ್ಲಿನ ಮಟ್ಟಿಗೆ ಸುಳ್ಳೇನೂ ಅಲ್ಲ.

ಮಕ್ಕಳುಳ್ಳ ವಾಚಕರು ಹೀಗೆ ಎಣಿಸಬೇಕು: ಮುಂದಿನ ನಡುವಿನಿಂದ ಒಂದು ಮಗ್ಗುಲಿಗೆ ಹೊರಟರೆ ಹಾಲುಹಲ್ಲುಗಳು ಐದು. ಆರನೆಯದು ಕಂಡರೆ ಅದು ಸಕೃಜ್ಜಾತ. ನನ್ನ ಮೊಮ್ಮಗನಿಗೆ ಕಳೆದ ಶ್ರಾವಣದಲ್ಲಿ ಆರು ತುಂಬಿದವು. ದಿನವೂ ಸಂಜೆ ಅವನ ಬಾಯಿ ತೆರೆಸಿ ಎಣಿಸುತ್ತಿದ್ದೆನು. ದೀಪಾವಳಿಯ ಮರುದಿನ ಕೆಳಗೆ ಎಡದಲ್ಲಿ ಬಿಳಿಯ ಮೊನೆಯೊಂದು ತೋರಿತು. “ಅಜ್ಜಾ, ಇದನ್ನು ಯಾವಾಗ ಹಂಚಿನ ಮೇಲೆ ಒಗೆಯೂದು?” ಎಂದು ಅವನು ಕೇಳಿದನು.