ಪಾವು, ಸೇರು ಮತ್ತು 1 ಕಿಲೋ 633 ಗ್ರಾಂ

ರಂಜಾನಿನ ಕೊನೆಯ ದಿನಗಳಲ್ಲಿ ಕೆಲವು ಮಸೀದಿಗಳ ಬೋರ್ಡಿನಲ್ಲಿ ನೀವು ಓದಿರಬಹುದು: ಫಿತ್ರಾ, ತಲೆಗೆ ಗೋಧಿ 1 ಕಿಲೋ 633 ಗ್ರಾಂ. ಇದೇನಪ್ಪ ಲೆಕ್ಕ, ಒಂದೂವರೆಯೂ ಅಲ್ಲ, ಎರಡೂ ಅಲ್ಲ ಅಂತ ಅನ್ನಿಸಿದೆಯೇ? ಪಾತ್ರೆಯ ಅಳತೆ ತಕ್ಕಡಿಗೆ ಬಂದ ಇತಿಹಾಸ ಈ ಸಂಖ್ಯೆಯಲ್ಲಿ ಅಡಗಿದೆ.

ಮೊದಲು ನಿಮ್ಮ ಅಡುಗೆಮನೆಯನ್ನೇ ನೋಡಿ. ಹಳೇ ಮೈಸೂರಿನ ಕಡೆ ನಾಲ್ಕು ಪಾವಿಗೆ ಒಂದು ಸೇರು. ಅಲ್ಲಿ ಪಾವು ಅಂದರೆ ಅಕ್ಕಿ ಅಳೆಯುವ ಪಾತ್ರೆ. ನಮ್ಮ ಉರ್ದುವಿನಲ್ಲಿ 'ಪಾವ್' ಅಂದರೆ ಕಾಲು ಭಾಗ. 'ಪಾವ್ ಕಿಲೋ ಗೋಷ್ತ್' ಅಂದರೆ 250 ಗ್ರಾಂ ಮಾಂಸ. ಪದ ಒಂದೇ, ಆದರೆ ಒಂದು ಕಡೆ ಪಾತ್ರೆ, ಇನ್ನೊಂದು ಕಡೆ ತೂಕ. ಇವೆರಡನ್ನೂ ಒಂದೇ ಅಂದುಕೊಂಡರೆ ಲೆಕ್ಕ ತಪ್ಪುತ್ತದೆ. ಒಂದು ಲೀಟರ್ ಪಾತ್ರೆಯಲ್ಲಿ ನೀರು ಒಂದು ಕಿಲೋ ತೂಗಿದರೆ, ಅಕ್ಕಿ ಸುಮಾರು 800 ಗ್ರಾಂ, ಗೋಧಿ ಹಿಟ್ಟು ಅದಕ್ಕಿಂತ ಎಷ್ಟೋ ಕಡಿಮೆ. ಹಿಟ್ಟನ್ನು ಒತ್ತಿ ತುಂಬಿದರೆ ಒಂದು ತೂಕ, ಸಡಿಲವಾಗಿ ತುಂಬಿದರೆ ಇನ್ನೊಂದು.

ಪ್ರವಾದಿಯವರ ಕಾಲದ ಮದೀನಾದಲ್ಲಿ ಫಿತ್ರಾದ ಅಳತೆ 'ಸಾಅ್'. ಅದೂ ಪಾತ್ರೆಯೇ. ನಾಲ್ಕು 'ಮುದ್ದ್' ಸೇರಿದರೆ ಒಂದು ಸಾಅ್. ಮುದ್ದ್ ಅಂದರೆ ಹೆಚ್ಚುಕಡಿಮೆ ಒಂದು ಬೊಗಸೆ. ಮುಂದೆ ಇದನ್ನು ತೂಕಕ್ಕೆ ತಂದಾಗ ಭಿನ್ನಾಭಿಪ್ರಾಯ ಬಂತು. ಇರಾಕಿನವರು 8 ರತ್ಲ್ ಅಂದರು, ಮದೀನಾದವರು ಐದೂ ಕಾಲಿಗಿಂತ ತುಸು ಹೆಚ್ಚು ಅಂದರು. ಇಮಾಮ್ ಅಬೂ ಹನೀಫಾರ ಶಿಷ್ಯ ಅಬೂ ಯೂಸುಫ್ ಮದೀನಾಕ್ಕೆ ಹೋದಾಗ, ಅಲ್ಲಿನ ಮನೆಮನೆಯವರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಸಾಅ್‌ಗಳನ್ನು ತಂದು ತೋರಿಸಿದರಂತೆ. ಎಲ್ಲವೂ ಹೆಚ್ಚುಕಡಿಮೆ ಒಂದೇ ಗಾತ್ರ. ಅವರು ತಮ್ಮ ಗುರುಗಳ ಲೆಕ್ಕ ಬಿಟ್ಟು ಮದೀನಾದ್ದನ್ನೇ ಒಪ್ಪಿದರು ಎಂದು ವರದಿಗಳಿವೆ. ವಾದಕ್ಕಿಂತ ಪಾತ್ರೆಯ ಸಾಕ್ಷಿ ದೊಡ್ಡದಾಯಿತು ನೋಡಿ!

ಹಿಂದೂಸ್ತಾನದ ಹನಫಿ ಉಲಮಾಗಳು 8 ರತ್ಲಿನ ಲೆಕ್ಕವನ್ನೇ ಇಟ್ಟುಕೊಂಡರು. ಗೋಧಿಯಾದರೆ ಅರ್ಧ ಸಾಅ್. ಅದನ್ನು ಜನರಿಗೆ ತಿಳಿಯುವ ಹಾಗೆ 'ಪೌನೇ ದೋ ಸೇರ್', ಅಂದರೆ ಒಂದೂ ಮುಕ್ಕಾಲು ಸೇರು, ಎಂದು ಬರೆದರು. ಇದು ಮೈಸೂರಿನ ಪಾತ್ರೆಯ ಸೇರಲ್ಲ, 80 ತೊಲದ ತೂಕದ ಸೇರು. 1956ರ ತೂಕ ಮತ್ತು ಅಳತೆ ಕಾಯ್ದೆ ಬಂದು, 1958ರ ಅಕ್ಟೋಬರ್‌ನಿಂದ ದೇಶದಲ್ಲಿ ಕಿಲೋಗ್ರಾಂ ಹಂತಹಂತವಾಗಿ ಜಾರಿಯಾಯಿತು. ಒಂದು ಸೇರಿಗೆ 933.1 ಗ್ರಾಂ. ಅದನ್ನು ಒಂದೂ ಮುಕ್ಕಾಲರಿಂದ ಗುಣಿಸಿ ನೋಡಿ: 1,632.9. ಇದೇ ನಮ್ಮ 1 ಕಿಲೋ 633 ಗ್ರಾಂ!

ಅಂದರೆ ಬೊಗಸೆಯಿಂದ ಪಾತ್ರೆಗೆ, ಪಾತ್ರೆಯಿಂದ ರತ್ಲಿಗೆ, ರತ್ಲಿನಿಂದ ಸೇರಿಗೆ, ಸೇರಿನಿಂದ ಗ್ರಾಮಿಗೆ ಬಂದ ಲೆಕ್ಕವಿದು. ಮೂಲದಲ್ಲಿ ಅದು ಅಷ್ಟು ಕರಾರುವಾಕ್ಕಾಗಿರಲಿಲ್ಲ. ಹಾಗಾಗಿಯೇ ಕೆಲವು ಉಲಮಾಗಳು 1 ಕಿಲೋ 750 ಗ್ರಾಂ ಅಥವಾ ಎರಡು ಕಿಲೋ ಮೀರಿಸಿ ಕೊಡಿ ಅನ್ನುತ್ತಾರೆ. ನಮ್ಮ ಕರಾವಳಿಯ ಶಾಫಿಈಗಳು ಅಕ್ಕಿಯನ್ನೇ ಪೂರ್ತಿ ಒಂದು ಸಾಅ್ ಕೊಡುತ್ತಾರೆ. ಧಾನ್ಯ ಬದಲಾದರೆ ಅದೇ ಪಾತ್ರೆಯ ತೂಕವೂ ಬದಲಾಗುವುದರಿಂದ ಎಲ್ಲದಕ್ಕೂ ಒಂದೇ ಗ್ರಾಂ ಲೆಕ್ಕ ಹೊಂದುವುದಿಲ್ಲ.

ವಿದ್ಯಾರ್ಥಿಗಳೇ, ಮನೆಯ ಪಾವಿನಲ್ಲಿ ಅಕ್ಕಿ, ಗೋಧಿ, ಹಿಟ್ಟು ತುಂಬಿ, ಮೇಲೆ ಸಮ ಮಾಡಿ, ಮೂರು ಮೂರು ಸಲ ತೂಗಿ ಬರೆದಿಡಿ. ಅಡುಗೆಗೂ ಬರುತ್ತದೆ, ಫಿತ್ರಾಕ್ಕೂ ಬರುತ್ತದೆ. ಬಿರಿಯಾನಿಗೆ ಒಂದು ಹಿಡಿ ಅಕ್ಕಿ ಕಡಿಮೆಯಾದರೆ ನಮ್ಮ ಮನೆಯವರೇ ಸುಧಾರಿಸಿಕೊಳ್ಳುತ್ತಾರೆ. ಫಿತ್ರಾದಲ್ಲಿ ಕಡಿಮೆಯಾದರೆ ಅದು ಇನ್ನೊಬ್ಬರ ಹಬ್ಬದ ಊಟದಿಂದ ಕಳೆಯುತ್ತದೆ. ಲೆಕ್ಕದಲ್ಲಿ ಅನುಮಾನ ಬಂದರೆ ತಕ್ಕಡಿ ಪಡೆಯುವವರ ಕಡೆಗೇ ವಾಲಲಿ.