ವಠಾರದಿಂದ ಭೋಗ್ಯದವರೆಗೆ: ಹಳೆಯ ಮೈಸೂರಿನ ಸಣ್ಣ ಊರುಗಳ ಬಾಡಿಗೆಮನೆ

ಹಳೆಯ ಮೈಸೂರು ಸೀಮೆಯ ತಾಲ್ಲೂಕು ಕೇಂದ್ರಗಳಲ್ಲಿ ಬಾಡಿಗೆಗೆಂದೇ ಮನೆ ಕಟ್ಟಿಸುವ ರೂಢಿ ಬಹಳ ಹಿಂದಿನದಲ್ಲ. ಊರಿನವರು ಸ್ವಂತ ಮನೆಯಲ್ಲೋ ಅಗ್ರಹಾರದ ದತ್ತಿಮನೆಯಲ್ಲೋ ತಮ್ಮ ಕುಲದವರ ಕೇರಿಯಲ್ಲೋ ಬದುಕುತ್ತಿದ್ದ ಕಾಲದಲ್ಲಿ, ಪರಸ್ಥಳದಿಂದ ಬಂದವರು ಛತ್ರದಲ್ಲಿ, ಮಠದಲ್ಲಿ ಅಥವಾ ನೆಂಟರ ಮನೆಯಲ್ಲಿ ತಂಗುತ್ತಿದ್ದರೇ ಹೊರತು ತಿಂಗಳ ಲೆಕ್ಕದಲ್ಲಿ ಹಣ ಕೊಟ್ಟು ಇರುವ ಸಂದರ್ಭ ವಿರಳವಾಗಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತಾಲ್ಲೂಕು ಕಚೇರಿ, ಮುನ್ಸೀಫ್ ಕೋರ್ಟು, ಸರ್ಕಾರಿ ಶಾಲೆಗಳು ನೆಲೆಯೂರಿ, ಅರಸೀಕೆರೆಯಂಥ ಊರುಗಳಿಗೆ ರೈಲೂ ಬಂದ ಮೇಲೆ, ಸಂಬಳದ ಮೇಲೆ ಬದುಕುವ, ಕೆಲವು ವರ್ಷಗಳಿಗೊಮ್ಮೆ ಊರು ಬದಲಿಸಲೇಬೇಕಾದ ಗುಮಾಸ್ತರು, ಮೇಷ್ಟರು, ಅಮೀನರು, ಸ್ಟೇಷನ್ ಮಾಸ್ತರರು ಕಾಣಿಸಿಕೊಂಡರು. ಕೈಯಲ್ಲಿ ಒಂದಿಷ್ಟು ಹಣವಿದ್ದ ವಕೀಲರೂ ಮಂಡಿ ವರ್ತಕರೂ ಹಿತ್ತಿಲ ಖಾಲಿ ಜಾಗದಲ್ಲಿ ಸಾಲುಮನೆಗಳನ್ನು ಎಬ್ಬಿಸತೊಡಗಿದ್ದು ಈ ಸಂಬಳದಾರರನ್ನು ನೆಚ್ಚಿಕೊಂಡು.

ಈ ಸಾಲುಮನೆಗಳ ಸಮೂಹವೇ ವಠಾರ. ಮುಂಭಾಗದ ದೊಡ್ಡ ಮನೆಯಲ್ಲಿ ಮಾಲೀಕರು, ಪಕ್ಕದ ಓಣಿಯಂಥ ದಾರಿಯಲ್ಲಿ ಒಳಹೊಕ್ಕರೆ ಒಂದೇ ಉದ್ದನೆಯ ಸೂರಿನಡಿ ನಾಲ್ಕೋ ಆರೋ ಎಂಟೋ ಬಿಡಾರಗಳು, ಪ್ರತಿ ಬಿಡಾರಕ್ಕೂ ಒಂದು ಕಿರಿಯ ಜಗಲಿ, ಒಂದು ನಡುಮನೆ, ಹೊಗೆಗಟ್ಟಿದ ಅಡುಗೆಮನೆ ಮತ್ತು ಅದರ ಮೂಲೆಯಲ್ಲೇ ಬಚ್ಚಲು ಇರುವುದು ಇದರ ಸಾಮಾನ್ಯ ವಿನ್ಯಾಸ. ಇಂಥ ಕಟ್ಟಡ ಅಗ್ಗವಾಗಲು ಮುಖ್ಯ ಕಾರಣಗಳಲ್ಲೊಂದು ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಮೊದಲುಗೊಂಡ ಈ ಉದ್ಯಮವು, ಒಂದರೊಳಗೊಂದು ಕಚ್ಚಿಕೊಳ್ಳುವ ಚಪ್ಪಟೆ ಹೆಂಚನ್ನು ಘಟ್ಟದ ಮೇಲಿನ ಊರುಗಳಿಗೂ ತಲುಪಿಸಿತು. ಕಡಿಮೆ ಮರದ ಮೇಲೆ ಉದ್ದನೆಯ ಚಾವಣಿ ಹೊದಿಸುವುದು ಆಗ ಸಾಧ್ಯವಾಯಿತು. ಬಿಡಾರಗಳ ನಡುವಿನ ಗೋಡೆಯನ್ನು ಎಷ್ಟೋ ಕಡೆ ಹೆಂಚಿನವರೆಗೂ ಏರಿಸದೆ ಆಳೆತ್ತರಕ್ಕಿಂತ ತುಸು ಮೇಲೆ ನಿಲ್ಲಿಸುತ್ತಿದ್ದುದರಿಂದ ಇಟ್ಟಿಗೆ ಮಣ್ಣು ಉಳಿಯುತ್ತಿತ್ತು. ಒಂದು ಮನೆಯ ಕೆಮ್ಮು, ಜಗಳ, ಒಗ್ಗರಣೆಯ ಘಾಟು ಇನ್ನೊಂದು ಮನೆಗೆ ದಾಟುವುದನ್ನು ಬಾಡಿಗೆದಾರರು ಸಹಿಸಿಕೊಳ್ಳುತ್ತಿದ್ದರು.

ಬಾಡಿಗೆ ಕಡಿಮೆಯಿದ್ದುದಕ್ಕೆ ಕಾರಣ ಮಾಲೀಕರ ಔದಾರ್ಯಕ್ಕಿಂತ ಹೆಚ್ಚಾಗಿ ಈ ಹಂಚಿಕೆಯ ವ್ಯವಸ್ಥೆ. ಸೇದುವ ಬಾವಿ ಒಂದೇ, ಬಟ್ಟೆ ಒಗೆಯುವ ಕಲ್ಲು ಒಂದೋ ಎರಡೋ. ಮುಂದೆ ನಲ್ಲಿ ಬಂದಾಗ ಅದೂ ಅಂಗಳದ ನಡುವೆ ಒಂದೇ. ವಿದ್ಯುತ್ತು ಬಂದ ಮೇಲೂ ಮೀಟರು ಮಾಲೀಕರ ಮನೆಯಲ್ಲಿದ್ದು, ಬಿಡಾರಕ್ಕೆ ಇಂತಿಷ್ಟು ದೀಪವೆಂದು ಲೆಕ್ಕ ಹಿಡಿದು ಹಣ ಪಡೆಯುವ ಪದ್ಧತಿ ಬಹುಕಾಲ ನಡೆಯಿತು. ಹಿತ್ತಿಲ ಕೊನೆಯಲ್ಲಿ ಎಲ್ಲರಿಗೂ ಸೇರಿ ಕಕ್ಕಸು ಇರುತ್ತಿತ್ತು; ಅದರ ಮಲವನ್ನು ನಸುಕಿನಲ್ಲಿ ಬಂದು ತಲೆಯ ಮೇಲೆ ಹೊತ್ತು ಸಾಗಿಸುತ್ತಿದ್ದವರು ಜಾತಿಯ ಕಾರಣಕ್ಕೇ ಆ ಕೆಲಸಕ್ಕೆ ಕಟ್ಟುಬಿದ್ದ ದಲಿತರು. ವಠಾರದ ಚರಿತ್ರೆಯನ್ನು ಅಕ್ಕರೆಯಿಂದ ನೆನೆಯುವ ಬರಹಗಳು ಈ ಅಂಶವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಆದರೆ ಬಾಡಿಗೆಯನ್ನು ಕೈಗೆಟುಕುವಂತೆ ಇರಿಸಿದ ದುಡಿಮೆಗಳಲ್ಲಿ ಇದೂ ಒಂದು, ಮತ್ತು ಆ ದುಡಿಮೆ ಮಾಡಿದವರಿಗೆ ಅದೇ ವಠಾರದಲ್ಲಿ ಒಂದು ಬಿಡಾರ ಯಾವ ಬೆಲೆಗೂ ಸಿಗುತ್ತಿರಲಿಲ್ಲ. 1970ರ ದಶಕದ ಆರಂಭದಲ್ಲಿ ದೇವರಾಜ ಅರಸು ಸಂಪುಟದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ ಮೇಲೆಯೇ ಹಿತ್ತಿಲ ಕಕ್ಕಸುಗಳನ್ನು ಮಾರ್ಪಡಿಸುವ ಒತ್ತಡ ಮಾಲೀಕರ ಮೇಲೆ ಬಿದ್ದಿತು.

ವಠಾರದೊಳಗೆ ಪ್ರವೇಶ ಸಿಗುತ್ತಿದ್ದುದು ಪರಿಚಯದ ಬಲದಿಂದ. ಹೊಸದಾಗಿ ವರ್ಗವಾಗಿ ಬಂದ ಗುಮಾಸ್ತರು ಮೊದಲು ಹೋಟೆಲಿನ ಮಾಣಿಯನ್ನೋ ದೇವಸ್ಥಾನದ ಅರ್ಚಕರನ್ನೋ ಕಚೇರಿಯ ಜವಾನನನ್ನೋ ವಿಚಾರಿಸುತ್ತಿದ್ದರು; ಅವರ ಮೂಲಕ ಮಾಲೀಕರ ಜಗಲಿ ಹತ್ತಿದಾಗ ಬಾಡಿಗೆಯ ಮಾತಿಗಿಂತ ಮುಂಚೆ ‘ತಾವು ಯಾರ ಪೈಕಿ?’ ಎಂಬ ಪ್ರಶ್ನೆ ಬರುತ್ತಿತ್ತು. ಓದಲು ಬಂದ ಬಡ ಹುಡುಗರ ಪಾಡೂ ಇಂಥದೇ ಬಲದ ಮೇಲೆ ನಿಂತಿತ್ತು. ದಿನಕ್ಕೊಂದು ಮನೆಯಂತೆ ಉಂಡು ವಾರ ಕಳೆಯುವ ವಾರಾನ್ನದ ಪದ್ಧತಿ ಸ್ವಜಾತಿಯ ಮನೆಗಳನ್ನು ಅವಲಂಬಿಸಿತ್ತು. ಆ ಆಸರೆಯಿಲ್ಲದ ಸಮುದಾಯಗಳ ಮಕ್ಕಳಿಗೆ ತುಮಕೂರಿನ ಸಿದ್ಧಗಂಗಾ ಮಠದಂಥ ಸಂಸ್ಥೆಗಳು, ಅನಂತರ ಸರ್ಕಾರಿ ವಿದ್ಯಾರ್ಥಿನಿಲಯಗಳು ನೆಲೆ ಒದಗಿಸಿದವು. 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದ ಭದ್ರಾವತಿಯಂಥ ಊರು ತುಸು ಭಿನ್ನ, ಏಕೆಂದರೆ ಅಲ್ಲಿನ ಕ್ವಾರ್ಟರ್ಸುಗಳ ಹಂಚಿಕೆಗೆ ನೌಕರಿಯ ದರ್ಜೆಯೇ ಆಧಾರವಾಗಿತ್ತು.

ಎರಡನೆಯ ಮಹಾಯುದ್ಧದ ಕಾಲದ ಅಭಾವ ಮತ್ತು ಬೆಲೆಯೇರಿಕೆ ಬಾಡಿಗೆಯನ್ನು ಸರ್ಕಾರದ ಹತೋಟಿಗೆ ತಂದವು. ಮುಂಬಯಿ ಪ್ರಾಂತ್ಯದಲ್ಲಿ 1947ರಲ್ಲಿ, ಮದರಾಸಿನಲ್ಲಿ 1949ರಲ್ಲಿ, ಮೈಸೂರಿನಲ್ಲಿ 1951ರಲ್ಲಿ, ಹೈದರಾಬಾದಿನಲ್ಲಿ 1954ರಲ್ಲಿ ಬಾಡಿಗೆ ನಿಯಂತ್ರಣದ ಕಾಯಿದೆಗಳಾದವು. ಹೀಗಾಗಿ 1956ರಲ್ಲಿ ರಾಜ್ಯ ಒಂದಾದರೂ ಧಾರವಾಡ, ಮಂಗಳೂರು, ಹಾಸನ, ಕಲಬುರಗಿಯ ಬಾಡಿಗೆದಾರರಿಗೆ ನಾಲ್ಕು ಬೇರೆ ಬೇರೆ ಕಾನೂನುಗಳು ಅನ್ವಯಿಸುತ್ತಿದ್ದವು. ಇವುಗಳ ಜಾಗದಲ್ಲಿ ಬಂದ 1961ರ ಮೈಸೂರು ಬಾಡಿಗೆ ನಿಯಂತ್ರಣ ಕಾಯಿದೆಯು ಅನುಸೂಚಿಯಲ್ಲಿ ಹೆಸರಿಸಿದ ಊರುಗಳಲ್ಲಿ ಮೂರು ಮುಖ್ಯ ಕೆಲಸಗಳನ್ನು ಕೈಗೊಂಡಿತು. ಖಾಲಿಯಾದ ಮನೆಯ ವಿಷಯವನ್ನು ಮಾಲೀಕರು ರೆಂಟ್ ಕಂಟ್ರೋಲರ್ ಎಂಬ ಅಧಿಕಾರಿಗೆ ತಿಳಿಸಬೇಕಾಗಿದ್ದು, ಅವರು ಆ ಮನೆಯನ್ನು ಸರ್ಕಾರಿ ನೌಕರರಿಗೋ ಇತರ ಅಗತ್ಯವುಳ್ಳವರಿಗೋ ಹಂಚಬಹುದಾಗಿತ್ತು. ನ್ಯಾಯವಾದ ಬಾಡಿಗೆಯನ್ನು ನಿಗದಿಪಡಿಸಬಹುದಾಗಿತ್ತು. ಮತ್ತು 21ನೆಯ ಪ್ರಕರಣದಲ್ಲಿ ಹೇಳಿದ ಕಾರಣಗಳಿಲ್ಲದೆ, ಅಂದರೆ ಬಾಡಿಗೆ ಬಾಕಿ, ಒಳಬಾಡಿಗೆ, ಮಾಲೀಕರ ಸ್ವಂತ ಉಪಯೋಗ ಮುಂತಾದವುಗಳಿಲ್ಲದೆ, ಬಾಡಿಗೆದಾರರನ್ನು ಹೊರಹಾಕುವಂತಿರಲಿಲ್ಲ. ಸ್ವಂತ ಉಪಯೋಗಕ್ಕೆ ಕೇಳಿದಾಗಲೂ ಯಾರಿಗೆ ಹೆಚ್ಚು ಕಷ್ಟವಾಗುವುದೆಂದು ನ್ಯಾಯಾಲಯ ತೂಗಿ ನೋಡಬೇಕಿತ್ತು.

ಈ ಕಾಯಿದೆ ಒಳಗಿದ್ದವರನ್ನು ನಿಜಕ್ಕೂ ಕಾಪಾಡಿತು. ಎರಡು ತಲೆಮಾರಿನ ಬಡ ನೌಕರರು, ವಿಧವೆಯರು, ನಿವೃತ್ತರು ಹಳೆಯ ಬಾಡಿಗೆಯಲ್ಲೇ ಬಾಳು ಸಾಗಿಸಿದ್ದು ಇದರ ಆಸರೆಯಿಂದ. ಆದರೆ ಹೊರಗೆ ನಿಂತು ಮನೆ ಹುಡುಕುವವರ ಪಾಲಿಗೆ ಅದು ಬಾಗಿಲನ್ನು ಇನ್ನಷ್ಟು ಬಿಗಿಗೊಳಿಸಿತು ಎಂದೇ ಹೇಳಬೇಕಾಗುತ್ತದೆ. ಒಮ್ಮೆ ಒಳಬಂದವರು ಹೊರಹೋಗರೆಂಬ ಭಯದಿಂದ ಮಾಲೀಕರು ಪರಿಚಯಸ್ಥರಲ್ಲದವರಿಗೆ ಕೊಡಲು ಮೊದಲಿಗಿಂತ ಹೆಚ್ಚು ಅಂಜಿದರು, ಬಂದ ಬಾಡಿಗೆ ಹೆಂಚು ಕೈಯಾಡಿಸುವುದಕ್ಕೂ ಸಾಲದೆಂದು ರಿಪೇರಿ ನಿಲ್ಲಿಸಿದರು, ಮಕ್ಕಳಲ್ಲಿ ಆಸ್ತಿ ಪಾಲಾದಾಗ ಎಷ್ಟೋ ವಠಾರಗಳು ಕೆಡವಲ್ಪಟ್ಟು ಅಂಗಡಿ ಸಾಲುಗಳಾದವು.

ಕಾಯಿದೆಯ ಅಂಚಿನಲ್ಲೇ ಬೆಳೆದದ್ದು ಭೋಗ್ಯದ ಪದ್ಧತಿ. ಮೂಲದಲ್ಲಿ ಇದು ಜಮೀನಿನ ಅಡಮಾನದ ಒಂದು ಬಗೆ: ಸಾಲ ಕೊಟ್ಟವನು ಬಡ್ಡಿಗೆ ಬದಲಾಗಿ ಸ್ವತ್ತಿನ ಫಲವನ್ನು ಅನುಭವಿಸುತ್ತಾನೆ, 1882ರ ಸ್ವತ್ತು ವರ್ಗಾವಣೆ ಕಾಯಿದೆಯೂ ಇದನ್ನು ಗುರುತಿಸಿದೆ. ಮನೆಗೆ ಅನ್ವಯಿಸಿದಾಗ, ದೊಡ್ಡದೊಂದು ಮೊತ್ತವನ್ನು ಒಮ್ಮೆಗೇ ಮಾಲೀಕರ ಕೈಗಿತ್ತು, ತಿಂಗಳ ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ವಾಸಿಸಿ, ಬಿಡುವಾಗ ಅಸಲನ್ನಷ್ಟೇ ಹಿಂಪಡೆಯುವುದು ರೂಢಿಯಾಯಿತು. ಕೂಡಿಟ್ಟ ಹಣವಿದ್ದರೂ ತಿಂಗಳ ವರಮಾನ ನಿಶ್ಚಿತವಿಲ್ಲದ ಸಣ್ಣ ವ್ಯಾಪಾರಿಗಳಿಗೂ ಕುಶಲಕರ್ಮಿಗಳಿಗೂ ಇದು ಅನುಕೂಲವೇ ಸರಿ, ಆದರೆ ಕರಾರು ನೋಂದಣಿಯಾಗದೆ ಬರಿಯ ಛಾಪಾ ಕಾಗದದಲ್ಲಿ ಉಳಿದಾಗ, ಮಾಲೀಕರ ಬಳಿ ಹಣ ಕರಗಿಹೋದರೆ ವರ್ಷಗಳ ಉಳಿತಾಯವೇ ಮುಳುಗುವ ಅಪಾಯ ಅದರಲ್ಲಿದೆ. ಹನ್ನೊಂದು ತಿಂಗಳ ಬಾಡಿಗೆ ಕರಾರು ಹುಟ್ಟಿದ್ದೂ ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿಯಾಗಲೇಬೇಕೆಂಬ ಅದೇ 1882ರ ಕಾಯಿದೆಯ ನಿಯಮವನ್ನು ತಪ್ಪಿಸಿಕೊಳ್ಳಲು.

1961ರ ಕಾಯಿದೆಯ ಸ್ಥಾನದಲ್ಲಿ 2001ರ ಡಿಸೆಂಬರ್ 31ರಂದು ಜಾರಿಗೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯಿದೆಯು ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಇತರ ಊರುಗಳಲ್ಲಿ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಬೆಲೆಗಳು ಏರುತ್ತ ಹೋದಂತೆ ಸಣ್ಣ ಊರಿನ ಸಾಧಾರಣ ಮನೆಯೂ ಈ ರೇಖೆಯನ್ನು ದಾಟಿತು.

ಇಷ್ಟೆಲ್ಲ ಶಾಸನಗಳು ಬಾಡಿಗೆಯ ಮೊತ್ತವನ್ನೂ ಅವಧಿಯನ್ನೂ ಹಿಡಿದು ನಿಲ್ಲಿಸಲು ಯತ್ನಿಸಿದವು. ಜಗಲಿಯ ಮೇಲಿನ ಆ ಮೊದಲ ಪ್ರಶ್ನೆಯನ್ನು ಮುಟ್ಟಲಿಲ್ಲ. ಇಂದು ನಾಗರಿಕ ಹಕ್ಕುಗಳ ರಕ್ಷಣಾ ಕಾಯಿದೆ ಎಂದು ಕರೆಯಲಾಗುವ 1955ರ ಶಾಸನವು ಅಸ್ಪೃಶ್ಯತೆಯ ಕಾರಣದಿಂದ ಯಾವುದೇ ಬಡಾವಣೆಯಲ್ಲಿ ಮನೆ ಕಟ್ಟಲು, ಪಡೆಯಲು, ವಾಸಿಸಲು ಅಡ್ಡಿಪಡಿಸುವುದನ್ನು ಶಿಕ್ಷಾರ್ಹವೆಂದು ಸಾರುತ್ತದೆ, ಆದರೆ ‘ಈಗತಾನೇ ಬೇರೆಯವರಿಗೆ ಮಾತಾಯಿತು’ ಎಂದು ಹೇಳಿ ಕಳುಹಿಸುವ ಮಾಲೀಕರ ಮೇಲೆ ಅದನ್ನು ಪ್ರಯೋಗಿಸುವುದು ಬಹಳ ಕಷ್ಟ. ತಾಲ್ಲೂಕು ಕೇಂದ್ರಕ್ಕೆ ವರ್ಗವಾಗಿ ಬಂದ ದಲಿತ ಉಪಾಧ್ಯಾಯರೂ ಮುಸ್ಲಿಂ ನೌಕರರೂ ತಮ್ಮವರ ಕೇರಿಯಲ್ಲಿ ಸಿಕ್ಕ ಇಕ್ಕಟ್ಟಾದ ಮನೆಗೆ ಹೆಚ್ಚು ಬಾಡಿಗೆ ತೆರುವುದೋ, ಜಿಲ್ಲಾ ಕೇಂದ್ರದಲ್ಲೇ ಸಂಸಾರ ಬಿಟ್ಟು ದಿನವೂ ಬಸ್ಸಿನಲ್ಲಿ ಓಡಾಡುವುದೋ ಇಂದಿಗೂ ನಡೆದಿದೆ, ಮತ್ತು ಆ ಬಸ್ ಚಾರ್ಜನ್ನು ಸಣ್ಣ ಊರಿನ ಬಾಡಿಗೆಯ ಲೆಕ್ಕಕ್ಕೆ ಯಾವ ಕಾಯಿದೆಯೂ ಸೇರಿಸಿಲ್ಲ.