ಇಂಜಿನ್ ಕಾವು ನೋಡೋದು: ಅಂಗೈಯಿಂದ ಹೀಟ್ ಮೀಟರಿನ ತನಕ

ಬ್ಯಾಸಗಿ ನೆಲ್ಲಿನ ಕೊಯ್ಲು ಹತ್ರ ಬಂತು. ಲಿಂಗಸುಗೂರು, ಮಸ್ಕಿ, ಸಿಂಧನೂರು ರಸ್ತೆದಾಗ ಈ ದಿನಗಳಲ್ಲಿ ಬಾನೆಟ್ ಎತ್ತಿ ನಿಂತ ಗಾಡಿ ಕಾಣೋದು ಹೊಸದೇನಲ್ಲ. ಬಿಸಿಲು 40 ಡಿಗ್ರಿ ದಾಟಿರತೈತಿ, ಹಿಂದ ಲೋಡ್ ಇರತೈತಿ, ರೇಡಿಯೇಟರ್ ಜಾಲರಿ ತುಂಬ ಹೊಟ್ಟು ಹುಲ್ಲು ಕುಂತಿರತೈತಿ. ಹಳೇ ಡೀಸೆಲ್ ಗಾಡಿಗೆ ಬೇರೆ ಹೀಟ್ ಮೀಟರ್ ಹಾಕಿಸೋದು ಬೇಕಾ ಅಂತ ಬಾಳ ಮಂದಿ ಕೇಳ್ತಾರ. ಬೇಕು ಅಂತೀನಿ. ಯಾಕ ಅನ್ನೋದು ತಿಳೀಬೇಕಂದ್ರ ಈ ಮೀಟರ್ ಹೆಂಗ ಬಂತು, ಆಮೇಲೆ ಹೆಂಗ ಕೆಟ್ಟಿತು ಅಂತ ನೋಡಬೇಕು.

ನಮ್ಮ ಭಾಗಕ್ಕ ಡೀಸೆಲ್ ಇಂಜಿನ್ ಬಂದಾಗ ಮೊದಲನೇ ಮೀಟರ್ ಅಂದ್ರ ಅಂಗೈ. ಬಾವಿ ಮ್ಯಾಲಿನ ಇಂಜಿನ್ನಿಗೆ ಪಂಪಿನ ನೀರನ್ನೇ ಒಂದು ಸಣ್ಣ ಪೈಪಿನಾಗ ತಿರುವಿ ಬಿಡ್ತಿದ್ರು. ಅದು ಇಂಜಿನ್ ಒಳಗ ಹಾದು ಹೊರಗ ಬೀಳ್ತಿತ್ತು. ಆ ನೀರಿಗೆ ಕೈ ಒಡ್ಡಿದರ ಸಾಕು, ಬೆಚ್ಚಗಿದ್ರ ಚಲೋ, ಕೈ ಸುಟ್ಟರ ಬಂದ್ ಮಾಡು. ಹಿರಿಯರು ಇಷ್ಟರಲ್ಲೇ ಎಷ್ಟೋ ವರ್ಷ ಇಂಜಿನ್ ನಡೆಸಿದರು.

1953ರಲ್ಲಿ ತುಂಗಭದ್ರಾ ಡ್ಯಾಮಿನ ನೀರು ಬಿಡಾಕ ಶುರು ಆತು. ಮುಂದ ಎಡದಂಡೆ ಕಾಲುವೆ ನೀರು ಸಿಂಧನೂರು ಕಡೆ ಹರಿದ ಮ್ಯಾಲೆ ಜೋಳ ಹತ್ತಿ ಬೆಳೀತಿದ್ದ ಎರಿಹೊಲ ನೆಲ್ಲಿನ ಗದ್ದಿ ಆದವು. ಆಂಧ್ರದ ಕಡೆಯಿಂದ ಬಂದವರು ಕ್ಯಾಂಪ್ ಕಟ್ಟಿದರು, ರೈಸ್ ಮಿಲ್ ಎದ್ದವು. ಮಾಲು ಸಾಗಿಸಾಕ ಲಾರಿ ಬೇಕಾತು. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಜೋಡಿ ಸೇರಿ ಜಮ್ಶೆಡ್‌ಪುರದಾಗ ಲಾರಿ ಮಾಡಾಕ ಹತ್ತಿದ್ದರು. 1959ರಲ್ಲಿ ಐಷರ್‌ನವರು ಫರೀದಾಬಾದಿನಾಗ ಟ್ರ್ಯಾಕ್ಟರ್ ಶುರು ಮಾಡಿದರು. ಅದು ಗಾಳಿಗೆ ತಣ್ಣಗಾಗೋ ಇಂಜಿನ್, ರೇಡಿಯೇಟರೇ ಇಲ್ಲ. ಉಳಿದವು ಹೆಚ್ಚುಕಡಿಮಿ ಎಲ್ಲಾ ನೀರಿನ ಇಂಜಿನ್ನುಗಳು. ಓಡೋ ಗಾಡಿಗೆ ಕೈ ಒಡ್ಡಿ ನೋಡಾಕ ಆಗಂಗಿಲ್ಲ. ಸೀಟಿನ ಮುಂದ ಮುಳ್ಳು ಬೇಕಾತು.

ಆ ಮುಳ್ಳಿನ ಮೂಲ ಲಾರಿಗಿಂತ ಬಾಳ ಹಳೇದು, ಉಗಿ ಇಂಜಿನ್ ಕಾಲದ್ದು. ಬಾಯ್ಲರ್ ಒಳಗ ಒತ್ತಡ ಎಷ್ಟೈತಿ ಅಂತ ತಿಳೀದ ಬಾಯ್ಲರ್ ಸಿಡಿದು ಜನ ಸಾಯ್ತಿದ್ರು. 1849ರಲ್ಲಿ ಪ್ಯಾರಿಸ್ಸಿನ ಯೂಜಿನ್ ಬೂರ್ಡನ್ ಅನ್ನೋ ಇಂಜಿನಿಯರ್ ಒಂದು ಉಪಾಯಕ್ಕ ಪೇಟೆಂಟ್ ತಗೊಂಡ. ಚಪ್ಪಟೆ ಪೈಪನ್ನ ಕುಡುಗೋಲಿನಂಗ ಬಗ್ಗಿಸಿ ಒಂದು ತುದಿ ಮುಚ್ಚಿದರ, ಒಳಗ ಒತ್ತಡ ಏರಿದಂಗೆಲ್ಲಾ ಅದು ನೆಟ್ಟಗಾಗಾಕ ನೋಡತೈತಿ. ಆ ತುದಿಗೆ ಮುಳ್ಳು ಕಟ್ಟಿದ, ಮೀಟರ್ ಆತು. ರೈಸ್ ಮಿಲ್ಲಿನ ಬಾಯ್ಲರ್ ಮ್ಯಾಲೆ, ಪಂಚರ್ ಅಂಗಡಿ ಕಂಪ್ರೆಸರ್ ಮ್ಯಾಲೆ ಇವತ್ತಿಗೂ ಕಾಣೋ ದುಂಡನ ಮೀಟರ್ ಒಳಗ ಇರೋದು ಇದೇ ಪೈಪು.

ಮೋಟಾರು ಗಾಡಿ ಬಂದಾಗ ಮೊದಲು ಬ್ಯಾರೆ ದಾರಿ ಹಿಡಿದರು. 1910ರ ದಶಕದಾಗ ಅಮೆರಿಕದ ಹ್ಯಾರಿಸನ್ ಬಾಯ್ಸ್ ಅನ್ನೋನು ರೇಡಿಯೇಟರ್ ಮುಚ್ಚಳದ ಮ್ಯಾಲೇ ಥರ್ಮಾಮೀಟರ್ ಕೂರಿಸಿ ಮಾರಿದ. ಹೆಸರು ಮೋಟೋಮೀಟರ್. ಡ್ರೈವರ್ ಸೀಟಿನಿಂದಲೇ ಗಾಜಿನ ಆಕಡೆ ಕೆಂಪು ಗೆರಿ ಏರೋದು ಕಾಣ್ತಿತ್ತು. ಆದ್ರ ಅದು ಅಳೀತಿದ್ದದ್ದು ನೀರಿನ ಮ್ಯಾಲಿನ ಆವಿ ಕಾವು, ನೀರಿಂದಲ್ಲ.

ಆಮೇಲೆ ಬಂದದ್ದು ತಾಮ್ರದ ಎಳಿ ಮೀಟರ್. ಒಂದು ಸಣ್ಣ ಬುಡ್ಡಿಯೊಳಗ ಈಥರಿನಂಥ ಬೇಗ ಆವಿಯಾಗೋ ದ್ರವ ತುಂಬಿ ಇಂಜಿನ್ ನೀರಿನಾಗ ಇಳಿಸೋದು. ಅಲ್ಲಿಂದ ದಾರದಂಥ ಪೈಪು ಡ್ಯಾಶ್‌ಬೋರ್ಡಿಗೆ. ನೀರು ಕಾದರ ಬುಡ್ಡಿಯೊಳಗ ಒತ್ತಡ ಏರತೈತಿ, ಮೀಟರಿನಾಗ ಅದೇ ಬೂರ್ಡನ್ ಪೈಪು ಮುಳ್ಳು ತಿರುಗಸ್ತೈತಿ. ಬ್ಯಾಟರಿ ಬ್ಯಾಡ, ವಾಯರಿಂಗ್ ಬ್ಯಾಡ. ಎಷ್ಟೋ ಹಳೇ ಟ್ರ್ಯಾಕ್ಟರಿನಾಗ ಇದ್ದದ್ದು ಇದೇ. ಬ್ಯಾಟರಿ ಸತ್ತ ಗಾಡಿ ದಬ್ಬಿ ಶುರು ಮಾಡಿದ್ರೂ ಮೀಟರ್ ನಿಜಾನೇ ಹೇಳ್ತಿತ್ತು.

ಮುಂದ ಕರೆಂಟಿನ ಸೆನ್ಸರ್ ಬಂತು. ಅದೂ ಚಲೋನೇ. ಕೆಟ್ಟದ್ದು ಅದರ ನಂತರ. ಮುಳ್ಳು ಸ್ವಲ್ಪ ಆಕಡೆ ಈಕಡೆ ಆಡಿದರ ಗಿರಾಕಿ ಗಾಬರಿ ಆಗ್ತಾರಂತ, ಕಂಪನಿಗಳು ಎಷ್ಟೋ ಗಾಡಿದಾಗ ಮುಳ್ಳನ್ನ ನಡುವ ನಿಲ್ಲೋಹಂಗ ಮಾಡಿದರು. ನೀರು 80 ಡಿಗ್ರಿ ಇರಲಿ, 100 ಇರಲಿ, ಮುಳ್ಳು ಅಲ್ಲೇ. ಅದು ಏರಾಕ ಹತ್ತಿದಾಗ ಹೊತ್ತು ಮೀರಿರತೈತಿ. ಇನ್ನ ಕೆಲವುದರಾಗ ಮುಳ್ಳೂ ಇಲ್ಲ, ಬರೇ ಕೆಂಪು ಲೈಟು. ಅಂಗೈ ಇಟ್ಟು ನೋಡಿದವನಿಗೆ ಬೆಚ್ಚಗ, ಬಿಸಿ, ಸುಡೋದು ಅಂತ ಮೂರು ಸುದ್ದಿ ಸಿಗ್ತಿದ್ದವು. ಲೈಟು ಹೇಳೋದು ಒಂದೇ ಸುದ್ದಿ, ಅದೂ ಕಡೀಗೆ.

ಅದಕ್ಕ ನಂಬರ್ ತೋರಸೋ ಮೀಟರ್ ಹಾಕಿಸ್ರಿ ಅನ್ನೋದು. ಥರ್ಮೋಸ್ಟಾಟ್ ಇರೋ ಇಂಜಿನ್ ಲೋಡಿನಾಗ ಸಾಧಾರಣ 80ರಿಂದ 95ರೊಳಗ ಇರತೈತಿ. ಮುಚ್ಚಳದ ಒತ್ತಡದಿಂದ ನೀರು 100ಕ್ಕೆ ಕುದಿಯಂಗಿಲ್ಲ, 120ರ ಹತ್ರ ತನಕ ತಡೀತೈತಿ. ಅದಕ್ಕೇ ಬಿಸಿ ಇದ್ದಾಗ ಮುಚ್ಚಳ ತೆಗೆದ್ರ ಮಾರಿಗೆ ಚಿಮ್ಮೋದು. ದಿನಾ 88 ತೋರಸೋ ಮುಳ್ಳು ಅದೇ ರಸ್ತೆ, ಅದೇ ಲೋಡಿಗೆ 97 ತೋರಿಸಿದರ ಜಾಲರಿ ಊದಿಸಬೇಕು, ಬೆಲ್ಟ್ ನೋಡಬೇಕು. ಅಷ್ಟರಾಗ ಮುಗೀತೈತಿ. ಬಿಟ್ಟರ ಹೆಡ್ ಬೆಂಡ್, ಗ್ಯಾಸ್ಕೆಟ್, ಬೋರು ಪಿಸ್ಟನ್ ಅಂತ ಸೀಜನ್ನಿನ ಬಾಡಿಗಿ ಎಲ್ಲಾ ಮೆಕ್ಯಾನಿಕ್ ಕೈಗೆ.

ಹಾಕಿಸುವಾಗ ಇಷ್ಟು ನೋಡ್ಕೊಳ್ರಿ. ಇಂಜಿನ್ ಪೂರಾ ಆರಿದ ಮ್ಯಾಲೇ ನೀರು ಇಳಿಸಬೇಕು. ಹೆಡ್ಡಿನಾಗ ಖಾಲಿ ಬೋಲ್ಟ್ ತೂತಿದ್ದು ಅದು ನೀರಿನ ದಾರಿಗೆ ಕೂಡಿದ್ದರ ಅದೇ ಉತ್ತಮ ಜಾಗ. ಇಲ್ಲಾಂದ್ರ ಮ್ಯಾಲಿನ ಹೋಸ್ ಕತ್ತರಿಸಿ ನಡುವ ಅಡಾಪ್ಟರ್ ಹಾಕ್ತಾರ. ಹೋಸ್ ರಬ್ಬರ್ ಆದದ್ದಕ್ಕ ಒಂದೇ ವಾಯರಿನ ಸೆನ್ಸರ್ ಇದ್ರ ಅಡಾಪ್ಟರಿಗೆ ಬೇರೆ ಅರ್ಥ್ ವಾಯರ್ ಕೊಡಬೇಕು. ಸೆನ್ಸರ್, ಮೀಟರ್ ಜೋಡಿ ಒಂದೇ ಕಂಪನಿದು ಇರಲಿ, ಒಂದರ ಸೆನ್ಸರ್ ಇನ್ನೊಂದರ ಮೀಟರಿಗೆ ತಪ್ಪು ನಂಬರ್ ತೋರಸ್ತೈತಿ. ತಾಮ್ರದ ಎಳಿ ಮೀಟರ್ ಆದ್ರ ಎಳಿ ಉದ್ದಾತಂತ ಕತ್ತರಿಸಬ್ಯಾಡ್ರಿ, ಮಡಚಬ್ಯಾಡ್ರಿ. ದೊಡ್ಡ ಸುರುಳಿ ಮಾಡಿ ಸೈಲೆನ್ಸರ್ ಪೈಪಿನಿಂದ ದೂರ ಕಟ್ರಿ. ಕಂಪ್ಯೂಟರ್ ಇರೋ ಹೊಸ ಇಂಜಿನ್ನಿನಾಗ ಕಂಪನಿ ಸೆನ್ಸರ್ ಬಿಚ್ಚಿಸಬ್ಯಾಡ್ರಿ, ಇದು ಅದರ ಜೋಡಿ ಹೆಚ್ಚಿಗಿ ಇರಬೇಕು. ನೀರು ತುಂಬಿದ ಮ್ಯಾಲೆ ಒಳಗಿನ ಗಾಳಿ ಬಿಡಿಸ್ರಿ. ಸವಳು ಬೋರಿನ ನೀರು ಹಾಕಬ್ಯಾಡ್ರಿ, ಸುಣ್ಣ ಕಟ್ಟತೈತಿ, ಕೂಲಂಟ್ ಹಾಕ್ರಿ.

ಕಡೀ ಮಾತು, ಇದನ್ನ ಮರೀಬ್ಯಾಡ್ರಿ. ನಮ್ಮ ಓಣಿಯ ಒಬ್ಬರ ಲಾರಿಗೆ ಮೀಟರ್ ಇತ್ತು. ದಾರಿದಾಗ ಕೆಳಗಿನ ಹೋಸ್ ಒಡೆದು ನೀರೆಲ್ಲಾ ಹೋತು. ಮುಳ್ಳು ಏರಲಿಲ್ಲ, ಇಳೀತು. ಇಂಜಿನ್ ತಣ್ಣಗಾತು ಅಂತ ಡ್ರೈವರ್ ಓಡಿಸಿದ, ಸ್ವಲ್ಪ ದೂರದಾಗ ಇಂಜಿನ್ ಹಿಡ್ಕೊಂತು. ಸೆನ್ಸರ್ ಅಳಿಯೋದು ತನ್ನ ಸುತ್ತ ಇರೋ ನೀರಿನ ಕಾವು. ನೀರೇ ಇಲ್ಲಾಂದ್ರ ಅದಕ್ಕ ಇಂಜಿನ್ ಸುದ್ದಿ ಗೊತ್ತಾಗಂಗಿಲ್ಲ. ಮೋಟೋಮೀಟರ್ ಆವಿ ಕಾವು ಅಳೀತಿತ್ತು, ಇದು ನೀರಿನ ಕಾವು ಅಳೀತೈತಿ, ಕಬ್ಬಿಣದ ಕಾವು ಅಳಿಯೋದು ಯಾವುದೂ ಅಲ್ಲ. ಲೋಡಿನಾಗ ಮುಳ್ಳು ಒಮ್ಮೆಲೆ ಏರಿದರೂ ನಿಲ್ಲಿಸ್ರಿ, ಕಾರಣ ಇಲ್ಲದ ಒಮ್ಮೆಲೆ ಇಳಿದರೂ ನಿಲ್ಲಿಸ್ರಿ. ಮುಂಜಾನೆ ಗಾಡಿ ಶುರು ಮಾಡೋ ಮೊದಲು ನೀರಿನ ಮಟ್ಟ ಕಣ್ಣಿಲೇ ನೋಡ್ರಿ.